ವೇಗಸ್ ದಾರಿಯ ಹಳದಿ ಡಬ್ಬಿ: ಕ್ಯಾಲಿಫೋರ್ನಿಯಾದ ಕನ್ನಡಿಗರಿಗೊಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದ ಕನ್ನಡ ಬಂಧುಗಳೇ,

ಊರಿನಿಂದ ಬಂದ ಅಪ್ಪ-ಅಮ್ಮನನ್ನೋ ಅತ್ತೆ-ಮಾವನನ್ನೋ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಈ ಬೇಸಿಗೆಯಲ್ಲಿ ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನ್ಯನ್, ಡೆತ್ ವ್ಯಾಲಿ ಕಡೆ ಹೊರಡಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹಾಗೆ ಹೊರಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹಿರಿಯರಿಗೆ ಚಳಿ ಆಗಿಬರುವುದಿಲ್ಲವೆಂದು ಏಪ್ರಿಲ್-ಮೇ ತಿಂಗಳಿಗೆ ಟಿಕೆಟ್ ಮಾಡಿಸುತ್ತೇವೆ. ಮಕ್ಕಳಿಗೆ ಶಾಲೆ ರಜೆ ಸಿಗುವುದು ಜೂನ್-ಜುಲೈನಲ್ಲಿ. ಹೀಗಾಗಿ ವರ್ಷದಲ್ಲಿ ಯಾವ ತಿಂಗಳು ಮರುಭೂಮಿಯ ಕಡೆ ತಲೆ ಹಾಕಬಾರದೋ ಸರಿಯಾಗಿ ಅದೇ ತಿಂಗಳು ಮೂರು ತಲೆಮಾರು ಒಂದೇ ಕಾರಿನಲ್ಲಿ ಮೊಹಾವಿ ಮರುಭೂಮಿಯನ್ನು ಹಾಯುತ್ತದೆ. ಡಿಕ್ಕಿಯಲ್ಲಿ ಪುಳಿಯೋಗರೆ, ಚಪಾತಿ, ಚಟ್ನಿಪುಡಿ. ಐಸ್ ಬಾಕ್ಸಿನಲ್ಲಿ ಮೊಸರನ್ನ. ಏಳು ಜನಕ್ಕೆ ಸಾಲದಷ್ಟು ನೀರಿನ ಬಾಟಲಿ.

ನೀರಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೇಳಬೇಕಾದದ್ದು ಆ ದಾರಿಯ ಬದಿಯಲ್ಲಿ ಕಂಬಕ್ಕೆ ಕೂರಿಸಿದ ಹಳದಿ ಡಬ್ಬಿಯ ಮಾತು. ನೀವು ನೋಡಿಯೇ ಇರುತ್ತೀರಿ. ಮೇಲೆ ನೀಲಿ ಫಲಕ, ಅದರ ಮೇಲೆ ಕಾಲ್ ಬಾಕ್ಸ್ ಎಂಬ ಬರಹ, ಕೆಳಗೆ ಒಂದಷ್ಟು ಅಕ್ಷರ, ಅಂಕಿ. ತುದಿಯಲ್ಲಿ ಅಂಗೈಯಗಲದ ಸೌರಫಲಕ, ಒಂದು ಆಂಟೆನಾ. ಗಂಟೆಗೆ ಎಪ್ಪತ್ತೈದು ಮೈಲಿ ವೇಗದಲ್ಲಿ ಹೋಗುವಾಗ ಅದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಜೇಬಿನಲ್ಲಿ ಫೋನಿರುವಾಗ ಈ ಕಾಲದಲ್ಲೂ ಇದನ್ನೇಕೆ ಇಟ್ಟುಕೊಂಡಿದ್ದಾರೆ ಎಂದು ನಗುವವರೂ ಇದ್ದಾರೆ. ಸರ್ಕಾರದ ಲೆಕ್ಕಿಗರಿಗೂ ಹಾಗೇ ಅನ್ನಿಸಿದೆ. ಅದಕ್ಕೇ ರಾಜ್ಯದ ಹಲವು ಕೌಂಟಿಗಳಲ್ಲಿ ಈ ಡಬ್ಬಿಗಳನ್ನು ವರ್ಷ ವರ್ಷವೂ ಕಿತ್ತು ಹಾಕುತ್ತ ಬಂದಿದ್ದಾರೆ.

ಊರೊಳಗಿನ ಫ್ರೀವೇಗಳಲ್ಲಿ ಕೀಳಲಿ, ನನ್ನದೇನೂ ತಕರಾರಿಲ್ಲ. ಸ್ಯಾನ್ ಹೋಸೆಯ ನಡುವೆ, ಲಾಸ್ ಏಂಜಲೀಸಿನ ನಡುವೆ ಕಾರು ಕೆಟ್ಟರೆ ಫೋನಿದೆ, 511 ಸಹಾಯವಾಣಿ ಇದೆ, ವಾಹನದಟ್ಟಣೆಯ ಹೊತ್ತಿನಲ್ಲಿ ಪುಕ್ಕಟೆಯಾಗಿ ಕಾರು ಎಳೆದುಕೊಂಡು ಹೋಗುವ ಫ್ರೀವೇ ಸರ್ವಿಸ್ ಪ್ಯಾಟ್ರೋಲ್ ಲಾರಿಯೂ ಇದೆ. ನನ್ನ ತಕರಾರು ಮರುಭೂಮಿಯದ್ದು. ಅಲ್ಲಿ ಇರುವ ಡಬ್ಬಿಗಳು ಉಳಿಯಬೇಕು, ಇಲ್ಲದ ಕಡೆ ಬರಬೇಕು, ಅದರ ಖರ್ಚನ್ನು ಆ ಬಡ ಕೌಂಟಿಗಳ ತಲೆಗೆ ಕಟ್ಟದೆ ಇಡೀ ರಾಜ್ಯವೇ ಹಂಚಿಕೊಳ್ಳಬೇಕು. ಇದನ್ನು ಕೇಳುವ ಹಕ್ಕು ನಮಗಿದೆ ಎಂಬುದನ್ನೂ ಹೇಳುತ್ತೇನೆ.

ಈ ಡಬ್ಬಿಗೆ ನೀವು ದುಡ್ಡು ಕೊಟ್ಟಿದ್ದೀರಿ. 1985ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ ಒಂದು ಕಾಯ್ದೆ ಮಾಡಿತು. ಕೌಂಟಿಗಳು ಬೇಕಿದ್ದರೆ ಸರ್ವಿಸ್ ಅಥಾರಿಟಿ ಫಾರ್ ಫ್ರೀವೇ ಎಮರ್ಜೆನ್ಸೀಸ್ ಎಂಬ ಪ್ರಾಧಿಕಾರ ಕಟ್ಟಿಕೊಳ್ಳಬಹುದು, ಅದಕ್ಕಾಗಿ ತಮ್ಮಲ್ಲಿ ನೋಂದಣಿಯಾದ ಪ್ರತಿ ವಾಹನದಿಂದ ವರ್ಷಕ್ಕೆ ಒಂದು ಡಾಲರ್ ವಸೂಲು ಮಾಡಬಹುದು ಎಂದು. ಮೊದಮೊದಲು ಲಾಸ್ ಏಂಜಲೀಸಿನ ಫ್ರೀವೇಗಳಲ್ಲಿ ನೆಲದಲ್ಲಿ ತಂತಿ ಹಾಕಿ ಇಂಥ ಫೋನುಗಳನ್ನು ಕೂರಿಸಿದ್ದರು. ಮರುಭೂಮಿಯಲ್ಲಿ ನೂರಾರು ಮೈಲಿ ತಂತಿ ಎಳೆಯುವುದು ಯಾರಿಂದಲೂ ಆಗದ ಕೆಲಸ. 1980ರ ದಶಕದಲ್ಲಿ ಸೆಲ್ಯುಲರ್ ಜಾಲ ಬಂತು, ಅದಕ್ಕೆ ಸೌರಶಕ್ತಿಯ ಬ್ಯಾಟರಿ ಜೊತೆಯಾಯಿತು. ತಂತಿಯ ಹಂಗಿಲ್ಲದೆ ಎಲ್ಲಿ ಬೇಕಾದರೂ ಕಂಬ ನೆಡುವುದು ಸಾಧ್ಯವಾಯಿತು. ಡಿಎಂವಿಯಿಂದ ವರ್ಷಕ್ಕೊಮ್ಮೆ ಬರುವ ನೋಂದಣಿ ಬಿಲ್ಲಿನ ಕೌಂಟಿ ಶುಲ್ಕದ ಒಳಗೆ ಆ ಡಾಲರ್ ಅಡಗಿ ಕೂತಿರುತ್ತದೆ. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಪೌರತ್ವ ಇರಲಿ, ಕಾರಿನ ದುಡ್ಡು ಕಟ್ಟಿಸಿಕೊಳ್ಳುವಾಗ ನಿಮ್ಮ ವೀಸಾ ಯಾವುದೆಂದು ಯಾರೂ ಕೇಳುವುದಿಲ್ಲ.

ನಿಮ್ಮಲ್ಲಿ ಅರ್ಧಕ್ಕರ್ಧ ಜನ ಎಂಜಿನಿಯರುಗಳು. ಇಷ್ಟು ಓದುವ ಹೊತ್ತಿಗೆ ಒಂದು ಪ್ರಶ್ನೆ ಎದ್ದಿರುತ್ತದೆ: ಡಬ್ಬಿಯೂ ಸೆಲ್ಯುಲರ್ ಜಾಲದ ಮೇಲೇ ನಡೆಯುವುದಾದರೆ, ನನ್ನ ಫೋನಿಗೆ ಸಿಗ್ನಲ್ ಸಿಗದ ಕಡೆ ಅದಕ್ಕೆ ಮಾತ್ರ ಎಲ್ಲಿಂದ ಸಿಗುತ್ತದೆ? ನ್ಯಾಯವಾದ ಪ್ರಶ್ನೆ. ಫೋನು ನೀವು ಹೋದಲ್ಲೆಲ್ಲ ಬರುತ್ತದೆ. ಕಾರಿನ ತಗಡಿನ ಒಳಗೆ, ಗುಡ್ಡದ ಮರೆಯಲ್ಲಿ, ಬೆರಳುಗಳ ಹಿಡಿತದಲ್ಲಿ ಇರುತ್ತದೆ. ಡಬ್ಬಿಯನ್ನು ನೆಡುವಾಗ ಅಲ್ಲಿ ಸಿಗ್ನಲ್ ಅಳೆದು, ಸಿಗದಿದ್ದರೆ ಕಂಬವನ್ನು ಆಚೀಚೆ ಸರಿಸಿ, ಆಂಟೆನಾವನ್ನು ಆಳೆತ್ತರಕ್ಕಿಂತ ಮೇಲೆ ಕಟ್ಟುತ್ತಾರೆ. ಹಳೆಯ ಅನಲಾಗ್ ಕಾಲದಲ್ಲಂತೂ ಕೈಫೋನು ಹೊರಸೂಸುತ್ತಿದ್ದದ್ದು 0.6 ವಾಟ್, ಕಾರಿಗೋ ಕಂಬಕ್ಕೋ ಕಟ್ಟಿದ ಉಪಕರಣ 3 ವಾಟ್ ವರೆಗೆ ಹೋಗಬಹುದಿತ್ತು. ಈಗ ಅಷ್ಟು ಅಂತರ ಇಲ್ಲದಿದ್ದರೂ ಗಟ್ಟಿಯಾಗಿ ನಿಂತ ಆಂಟೆನಾದ ಅನುಕೂಲ ಹೋಗಿಲ್ಲ. ಗೋಪುರವೇ ಕಾಣದ ಕಡೆ ಡಬ್ಬಿಯ ಆಟವೂ ನಡೆಯದು, ಅಲ್ಲಿಗೆ ಉಪಗ್ರಹದ ಸಂಪರ್ಕವೇ ಬೇಕು. ಆ ತಂತ್ರಜ್ಞಾನ ಇವತ್ತು ನಮ್ಮ ಜೇಬಿಗೇ ಬಂದಿರುವಾಗ ಕಂಬಕ್ಕೆ ಬರಲು ಏನಡ್ಡಿ? ದುಡ್ಡೊಂದೇ.

ಡಬ್ಬಿಗಳು ಕಾಣೆಯಾಗುತ್ತಿರುವ ಬಗೆಯಲ್ಲೂ ಒಂದು ಸ್ವಾರಸ್ಯವಿದೆ. ಒಂದು ದಿನ ಯಾರೋ ಕೂತು ಇವು ಬೇಡವೆಂದು ತೀರ್ಮಾನಿಸಿದ್ದಲ್ಲ. 2008ರ ಫೆಬ್ರವರಿಯಲ್ಲಿ ಅನಲಾಗ್ ಜಾಲ ಮುಚ್ಚಲು ಕಂಪನಿಗಳಿಗೆ ಅನುಮತಿ ಸಿಕ್ಕಿತು. ಡಬ್ಬಿಯೊಳಗಿನ ಸಾಮಾನೆಲ್ಲ ಬದಲಾಯಿಸಬೇಕಾಯಿತು. ಮತ್ತೆ 2022ರಲ್ಲಿ 3ಜಿ ಮುಚ್ಚಿತು, ಮತ್ತೆ ಬದಲಾವಣೆ. ಪ್ರತಿ ಸಲವೂ ಕೌಂಟಿಯ ಮುಂದೆ ಅದೇ ಪ್ರಶ್ನೆ: ಹೊಸ ಉಪಕರಣ ಹಾಕೋಣವೋ, ಕಂಬವನ್ನೇ ತೆಗೆದುಬಿಡೋಣವೋ? ಆಗ ಯಾವ ಡಬ್ಬಿಯಿಂದ ತಿಂಗಳಿಗೆ ಎಷ್ಟು ಕರೆ ಬಂತೆಂದು ಪಟ್ಟಿ ತೆಗೆಯುತ್ತಾರೆ. ಮೊಬೈಲು ಬಂದ ಮೇಲೆ ಕರೆಗಳು ಎಲ್ಲ ಕಡೆಯೂ ಕುಸಿದಿವೆ, ಅದು ನಿಜ. ಪಟ್ಟಿಯ ಕೊನೆಯಲ್ಲಿ ಇರುವವು ಸಹಜವಾಗಿಯೇ ವಾಹನ ವಿರಳವಾಗಿ ಓಡುವ ರಸ್ತೆಯ ಡಬ್ಬಿಗಳು. ದೂರ ಇದ್ದಷ್ಟೂ ಕರೆ ಕಡಿಮೆ, ರಿಪೇರಿಗೆ ಹೋಗಿಬರುವ ಖರ್ಚು ಹೆಚ್ಚು. ಲೆಕ್ಕದ ಪುಸ್ತಕದಲ್ಲಿ ಅವು ದಂಡ. ಬಾವಿಕಟ್ಟೆಯ ಬಳಿ ಈಜು ಬಾರದ ಮಕ್ಕಳಿಗಾಗಿ ಇಟ್ಟ ಹಗ್ಗವನ್ನು ಈ ವರ್ಷ ಯಾರೂ ಬೀಳಲಿಲ್ಲವೆಂದು ಬಿಚ್ಚಿಕೊಂಡು ಹೋದ ಹಾಗಾಯಿತು ಈ ಲೆಕ್ಕ. ಎಷ್ಟು ಕರೆ ಬಂತು ಎನ್ನುವುದಕ್ಕಿಂತ, ಕರೆ ಮಾಡಿದವನಿಗೆ ಬೇರೆ ದಾರಿ ಇತ್ತೇ ಎಂದು ಕೇಳಬೇಕಿತ್ತು. ಆ ಕಾಲಂ ಪಟ್ಟಿಯಲ್ಲಿ ಇರುವುದಿಲ್ಲ.

ಇನ್ನೊಂದು ತೊಡಕು ಆ ಒಂದು ಡಾಲರಿನಲ್ಲೇ ಇದೆ, ಇದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಡಾಲರ್ ಸೇರುವುದು ಕಾರು ನೋಂದಣಿಯಾದ ಕೌಂಟಿಗೆ. ಸಾಂತಾ ಕ್ಲಾರಾದಲ್ಲಿ, ಅಲಮೀಡಾದಲ್ಲಿ, ಆರೆಂಜ್ ಕೌಂಟಿಯಲ್ಲಿ ಇರುವ ನಮ್ಮ ಡಾಲರು ಅಲ್ಲಲ್ಲೇ ಉಳಿಯುತ್ತದೆ. ನಾವು ಕೆಟ್ಟು ನಿಲ್ಲುವುದು ಮಾತ್ರ ಸ್ಯಾನ್ ಬರ್ನಾರ್ಡಿನೋ ಕೌಂಟಿಯಲ್ಲಿ, ಇನ್ಯೋ ಕೌಂಟಿಯಲ್ಲಿ. ಸ್ಯಾನ್ ಬರ್ನಾರ್ಡಿನೋದ ವಿಸ್ತೀರ್ಣ ಸುಮಾರು 52,000 ಚದರ ಕಿಲೋಮೀಟರ್. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲಿ ಇಷ್ಟು ದೊಡ್ಡ ಕೌಂಟಿ ಇಲ್ಲ. ನಮ್ಮ ಕರ್ನಾಟಕದ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಆಯಿತು. ಅದರ ಜನವೆಲ್ಲ ನೈಋತ್ಯದ ಮೂಲೆಯಲ್ಲಿ, ಲಾಸ್ ಏಂಜಲೀಸಿನ ಮಗ್ಗುಲಲ್ಲಿ ಕಿಕ್ಕಿರಿದಿದ್ದಾರೆ, ಉಳಿದದ್ದೆಲ್ಲ ಬಯಲು. ಡೆತ್ ವ್ಯಾಲಿಯ ಬಹುಭಾಗ ಇರುವ ಇನ್ಯೋ ಕೌಂಟಿಯ ಜನಸಂಖ್ಯೆ 2020ರ ಗಣತಿಯಲ್ಲಿ 20,000ವನ್ನೂ ಮುಟ್ಟಲಿಲ್ಲ. ವಾಹನಕ್ಕೊಂದು ಡಾಲರಿನಂತೆ ಅಲ್ಲಿ ಎಷ್ಟು ಹುಟ್ಟೀತು, ನೀವೇ ಲೆಕ್ಕ ಹಾಕಿ. ಹಾದುಹೋಗುವವರು ನಾವು, ಕಾಯಬೇಕಾದವರು ಅವರು. ಈ ವ್ಯವಸ್ಥೆ 1985ರ ನಗರಗಳಿಗೆ ಒಪ್ಪುತ್ತಿತ್ತು. ಮರುಭೂಮಿಗೆ ಅದು ಎಂದೂ ಒಪ್ಪಿದ್ದಿಲ್ಲ.

ದಾರಿ ಎಂಥದ್ದೆಂದು ಹೊಸಬರಿಗೆ ಸ್ವಲ್ಪ ಹೇಳಬೇಕು. ಲಾಸ್ ಏಂಜಲೀಸಿನಿಂದ ಲಾಸ್ ವೇಗಸ್ಸಿಗೆ ಸುಮಾರು 270 ಮೈಲಿ, ಅಂದರೆ 435 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಂತೆ, ಸ್ವಲ್ಪ ಹೆಚ್ಚು. ಹುಬ್ಬಳ್ಳಿ ದಾರಿಯಲ್ಲಾದರೆ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ. ನಡುವೆ ಎಲ್ಲಿ ನಿಂತರೂ ಒಂದು ಟೀ ಅಂಗಡಿ, ಪಂಕ್ಚರ್ ಅಂಗಡಿ, ಏನಾಯ್ತು ಸಾರ್ ಎಂದು ಕೇಳಿಕೊಂಡು ಬರುವ ನಾಲ್ಕು ಜನ. ಇಲ್ಲಿ ಬಾರ್ಸ್ಟೋ ಬಿಟ್ಟರೆ ಬೇಕರ್, ಬೇಕರ್ ಬಿಟ್ಟರೆ ನೆವಾಡಾ ಗಡಿ. ಬೇ ಏರಿಯಾದವರು ಬೇಕರ್ಸ್‌ಫೀಲ್ಡ್ ದಾಟಿ ಟೆಹಾಚಪಿ ಘಾಟಿ ಹತ್ತಿ ಇಳಿದು 58ನೇ ಹೆದ್ದಾರಿಯಲ್ಲಿ ಇದೇ ಬಾರ್ಸ್ಟೋಗೆ ಬಂದು ಕೂಡಿಕೊಳ್ಳುತ್ತೀರಿ. ವೇಗಸ್ ದಾರಿಯ ಇಂಟರ್‌ಸ್ಟೇಟ್ 15 ಆದರೂ ವಾಸಿ, ವಾಹನಗಳ ಸಾಲು ಕಡಿಯುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೋಗುವ ಇಂಟರ್‌ಸ್ಟೇಟ್ 40ರಲ್ಲಿ ಬಾರ್ಸ್ಟೋದಿಂದ ನೀಡಲ್ಸ್‌ವರೆಗಿನ ಸುಮಾರು 145 ಮೈಲಿಗೆ ಲಡ್ಲೋ, ಫೆನರ್ ಥರದ ಒಂದೆರಡು ಪೆಟ್ರೋಲ್ ಬಂಕುಗಳೇ ಗತಿ. ಟ್ವೆಂಟಿನೈನ್ ಪಾಮ್ಸ್ ಊರಿನಿಂದ ಪೂರ್ವಕ್ಕೆ ಹೋಗುವ 62ನೇ ಹೆದ್ದಾರಿಯಲ್ಲಿ ಮುಂದಿನ 100 ಮೈಲಿ ಏನೂ ಸಿಗದೆಂದು ಫಲಕವನ್ನೇ ಹಾಕಿದ್ದಾರೆ. ಬೇಕರ್‌ನಿಂದ ಶೋಶೋನ್‌ಗೆ, ಅಲ್ಲಿಂದ ಡೆತ್ ವ್ಯಾಲಿಗೆ ಕರೆದೊಯ್ಯುವ 127ನೇ ಹೆದ್ದಾರಿಯಲ್ಲಿ ಐವತ್ತಕ್ಕೂ ಹೆಚ್ಚು ಮೈಲಿ ಎರಡೂ ಕಡೆ ಉಪ್ಪುನೆಲ, ಬೋಳುಗುಡ್ಡ.

ಬೇಕರ್‌ನಲ್ಲಿ 134 ಅಡಿ ಎತ್ತರದ ಒಂದು ಥರ್ಮಾಮೀಟರ್ ನಿಲ್ಲಿಸಿದ್ದಾರೆ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತೀರಿ. 1913ರ ಜುಲೈ 10ರಂದು ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್‌ನಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಸೆಲ್ಸಿಯಸ್, ಆ ಎತ್ತರಕ್ಕೆ ಕಾರಣ. ರಾಯಚೂರು, ಕಲಬುರಗಿಯ ಬಿಸಿಲು ಕಂಡವರು ಹೆದರುವುದಿಲ್ಲ, ನನಗೆ ಗೊತ್ತು. ಆದರೆ ಅಲ್ಲಿ ಬೇವಿನ ನೆರಳಿದೆ, ಪಕ್ಕದ ಮನೆಯ ಜಗಲಿ ಇದೆ. ಇಲ್ಲಿ ನೆರಳು ಎಂಬುದು ನಿಮ್ಮ ಕಾರೊಂದೇ, ಅದರ ಎಂಜಿನ್ ನಿಂತ ಕೂಡಲೇ ಅದೂ ಒಲೆ.

ಎಂಥ ದೊಡ್ಡ ದೇಶ, ಏನಾದರೂ ಆದರೆ ಹೆಲಿಕಾಪ್ಟರ್ ಬರುತ್ತದೆ ಬಿಡಿ ಎಂದು ಧೈರ್ಯ ಹೇಳಿಕೊಳ್ಳುವವರಿಗೆ 2024ರ ಜುಲೈ 6ರ ಸುದ್ದಿಯನ್ನು ನೆನಪಿಸುತ್ತೇನೆ. ಡೆತ್ ವ್ಯಾಲಿಯಲ್ಲಿ ಅಂದು 128 ಡಿಗ್ರಿ ಫ್ಯಾರನ್‌ಹೀಟ್. ಆರು ಮಂದಿ ಮೋಟರ್‌ಸೈಕಲ್ ಸವಾರರು ಬಿಸಿಲಿಗೆ ಸಿಕ್ಕಿಕೊಂಡರು, ಒಬ್ಬರು ಅಲ್ಲೇ ತೀರಿಕೊಂಡರು. ವೈದ್ಯಕೀಯ ಹೆಲಿಕಾಪ್ಟರ್ ಬರಲಾಗಲಿಲ್ಲ. ಗಾಳಿ ಕಾದಂತೆ ತೆಳುವಾಗುತ್ತದೆ, ರೆಕ್ಕೆಗೆ ಎತ್ತುವ ಬಲ ಸಿಗುವುದಿಲ್ಲ. 120 ಡಿಗ್ರಿ ದಾಟಿದರೆ ಸಾಮಾನ್ಯವಾಗಿ ಅವು ಸುರಕ್ಷಿತವಾಗಿ ಹಾರಲಾರವು ಎಂದು ಅಲ್ಲಿನ ನ್ಯಾಷನಲ್ ಪಾರ್ಕ್ ಅಧಿಕಾರಿಗಳೇ ಹೇಳಿದ್ದಾರೆ. ಹಾಗಿದ್ದ ಮೇಲೆ ನೆರವು ಬರುವುದು ರಸ್ತೆಯ ಮೇಲೇ. ಎಷ್ಟು ಬೇಗ ಬರುತ್ತದೆ ಎಂಬುದು ನೀವೆಲ್ಲಿದ್ದೀರಿ ಎಂದು ಅವರಿಗೆ ಎಷ್ಟು ಬೇಗ ಗೊತ್ತಾಗುತ್ತದೆ ಎಂಬುದರ ಮೇಲೆ ನಿಂತಿದೆ.

ಡಬ್ಬಿಯ ಅಸಲಿ ಉಪಯೋಗ ಇರುವುದು ಇಲ್ಲೇ. ಅದರ ಬಾಗಿಲು ತೆರೆದು ಕರೆ ಮಾಡಿದರೆ, ಆಚೆ ಕಡೆಯವರಿಗೆ ಯಾವ ಡಬ್ಬಿಯಿಂದ ಕರೆ ಬಂತೆಂದು ತಿಳಿಯುತ್ತದೆ. ನೀಲಿ ಫಲಕದ ಅಕ್ಷರಗಳು ಕೌಂಟಿಯವು, ನಂತರದ ಅಂಕಿ ಹೆದ್ದಾರಿಯದು, ಕೊನೆಯದು ಆ ಜಾಗದ್ದು. ಮಾತಾಡಲು ಉಸಿರಿಲ್ಲದಿದ್ದರೂ, ಇಂಗ್ಲಿಷ್ ತಡವರಿಸಿದರೂ ಜಾಗ ತಪ್ಪುವುದಿಲ್ಲ. ಕಿವಿ ಕೇಳದವರಿಗಾಗಿ ಅಕ್ಷರದಲ್ಲಿ ಉತ್ತರಿಸುವ ಸೌಕರ್ಯವನ್ನೂ ಹಲವು ಡಬ್ಬಿಗಳಲ್ಲಿ ಇಟ್ಟಿದ್ದಾರೆ. ಈಗ ಯೋಚಿಸಿ: ಕಾರು ಓಡಿಸುತ್ತಿದ್ದ ನಿಮಗೇ ತಲೆಸುತ್ತು ಬಂದು ಸ್ಟಿಯರಿಂಗಿನ ಮೇಲೆ ಒರಗಿದಿರಿ. ಹೆಂಡತಿಯ ಫೋನಿನಲ್ಲಿ ಸಿಗ್ನಲ್ ಇಲ್ಲ. ಹಿಂದಿನ ಸೀಟಿನಲ್ಲಿ ಅಪ್ಪ. ಅವರ ಫೋನಿನಲ್ಲಿ ಊರಿನ ಸಿಮ್ ಇದೆ, ವೈಫೈ ಸಿಕ್ಕಾಗ ವಾಟ್ಸಾಪ್ ನೋಡಲು ಮಾತ್ರ. ಊರಿನ ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಒತ್ತಬೇಕೆಂದು ಅವರಿಗೆ ಗೊತ್ತು. ಇಲ್ಲಿ ತಾವಿರುವುದು ಯಾವ ರಸ್ತೆ, ಯಾವ ದಿಕ್ಕು, ಯಾವ ಊರಿನಿಂದ ಎಷ್ಟು ದೂರ, ಒಂದೂ ಗೊತ್ತಿಲ್ಲ. ಆ ಹಿರಿಯರ ಕೈಗೆ ಸಿಗುವ ಒಂದೇ ಸಾಧನ, ಕಣ್ಣಳತೆಯಲ್ಲಿ ನಿಂತ ಆ ಕಂಬ.

ಇಷ್ಟಕ್ಕೂ ಫೋನನ್ನು ಎಷ್ಟು ನಂಬಬಹುದು? 2009ರ ಆಗಸ್ಟ್‌ನಲ್ಲಿ ಒಬ್ಬ ತಾಯಿ ತನ್ನ ಪುಟ್ಟ ಮಗನೊಂದಿಗೆ ಡೆತ್ ವ್ಯಾಲಿಗೆ ಹೋದಳು. ಜಿಪಿಎಸ್ ತೋರಿದ ಹಳೆಯ ಜಾಡು ಹಿಡಿದ ಜೀಪು ಮರಳಿನಲ್ಲಿ ಹೂತಿತು. ಫೋನು ಯಾರನ್ನೂ ಮುಟ್ಟಲಿಲ್ಲ. ರೇಂಜರ್ ಒಬ್ಬರಿಗೆ ಆ ಜೀಪು ಕಂಡದ್ದು ಐದು ದಿನದ ನಂತರ. ಮಗು ಆಗಲೇ ಹೋಗಿಬಿಟ್ಟಿತ್ತು. ತೀರಾ ಈಚೆಗೆ, 2023ರ ನವೆಂಬರ್‌ನಲ್ಲಿ, ಫಾರ್ಮುಲಾ ಒನ್ ರೇಸು ನೋಡಿ ವೇಗಸ್ಸಿನಿಂದ ಮರಳುತ್ತಿದ್ದವರಿಗೆ ಧೂಳುಬಿರುಗಾಳಿ ಎದುರಾಯಿತು. ಇಂಟರ್‌ಸ್ಟೇಟ್ 15 ತಪ್ಪಿಸಲು ಗೂಗಲ್ ನಕ್ಷೆ ತೋರಿಸಿದ ಅಡ್ಡದಾರಿ ಹಿಡಿದವರು ಸಾಲುಸಾಲಾಗಿ ಮರುಭೂಮಿಯ ಮಣ್ಣುಜಾಡಿನಲ್ಲಿ ಸಿಕ್ಕಿಬಿದ್ದರು. ಗೂಗಲ್ ಆಮೇಲೆ ಕ್ಷಮೆ ಕೇಳಿತು. ಅಷ್ಟು ಹೊತ್ತಿಗೆ ಟಾಯರುಗಳು ಒಡೆದಿದ್ದವು.

ಐಫೋನ್ 14 ಬಂದ ಮೇಲೆ, 2022ರ ನವೆಂಬರಿನಿಂದ, ಗೋಪುರವಿಲ್ಲದ ಕಡೆಯೂ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಮರುವರ್ಷ ಕೆಟ್ಟುನಿಂತ ಕಾರಿಗೂ ಹಾಗೆ ನೆರವು ಕೇಳುವ ಸೌಲಭ್ಯ ಬಂತು. ಒಳ್ಳೆಯದೇ, ಇದ್ದವರು ಮನೆಯಲ್ಲೇ ಅದರ ಡೆಮೊ ಒತ್ತಿ ಕಲಿತುಕೊಳ್ಳಿ. ಆದರೆ ತಯಾರಕರೇ ಕೊಟ್ಟ ಒಂದು ಅಂಕಿ ನೋಡಿ: ಆ ಫೋನು ಕೆಲಸ ಮಾಡಬೇಕಾದ ಸುತ್ತಲಿನ ಉಷ್ಣತೆ 0ಯಿಂದ 35 ಡಿಗ್ರಿ ಸೆಲ್ಸಿಯಸ್. ಹೊರಗೆ 47 ಇರುವ ಮಧ್ಯಾಹ್ನ, ಎ.ಸಿ. ಸತ್ತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ದಾರಿ ತೋರಿಸುತ್ತ ಕುಳಿತಿದ್ದ ಫೋನು ಮೊದಲು ಪರದೆ ಮಂಕು ಮಾಡುತ್ತದೆ, ಆಮೇಲೆ ಥರ್ಮಾಮೀಟರಿನ ಚಿತ್ರ ತೋರಿಸಿ ಸುಮ್ಮನಾಗುತ್ತದೆ. ಸಾವಿರ ಡಾಲರಿನ ಯಂತ್ರ ಬಿಸಿಲಿಗೆ ಬೆನ್ನು ತೋರಿಸುವ ಹೊತ್ತಿಗೂ ಬಿಸಿಲನ್ನೇ ಉಂಡು ನಿಂತಿರುವುದು ಸೌರಫಲಕದ ಆ ಡಬ್ಬಿ. ಎರಡೂ ಇರಲಿ ಎಂಬುದು ನನ್ನ ಮಾತು.

ಹೊರಡುವ ಮುನ್ನ ಮಾಡಬೇಕಾದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಬಹುಪಾಲು ನಿಮಗೆ ಗೊತ್ತಿರುವುದೇ. ನೀರು ತಲೆಗೆ ದಿನಕ್ಕೆ ಒಂದು ಗ್ಯಾಲನ್, ನಾಲ್ಕು ಲೀಟರ್ ಹತ್ತಿರ. ಡೆತ್ ವ್ಯಾಲಿ ಪಾರ್ಕಿನವರು ಹೇಳುವ ಕನಿಷ್ಠ ಅಷ್ಟು. ಫ್ರೀವೇಯಲ್ಲೇ ಇರುತ್ತೇವಲ್ಲ ಎನ್ನಬೇಡಿ. 2024ರ ಜುಲೈ 26ರಂದು ಬೇಕರ್ ಬಳಿ ಲಿಥಿಯಂ ಬ್ಯಾಟರಿ ತುಂಬಿದ ಲಾರಿ ಮಗುಚಿ ಹೊತ್ತಿಕೊಂಡಿತು. ಆರಿಸಲಾಗದ ಆ ಬೆಂಕಿಗೆ ಇಂಟರ್‌ಸ್ಟೇಟ್ 15 ಎರಡು ದಿನದ ಹತ್ತಿರ ಮುಚ್ಚಿತ್ತು. ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಬಿಸಿಲಿನಲ್ಲಿ ಜನ ನೀರಿಲ್ಲದೆ ಗಂಟೆಗಟ್ಟಲೆ ಕಾರಿನಲ್ಲೇ ಕೂತಿದ್ದರು. ಹಿಂದೆ ಬರಲೂ ಆಗದು, ಮುಂದೆ ಹೋಗಲೂ ಆಗದು. ಟಾಯರು ಹಳೆಯದಾಗಿದ್ದರೆ ಈ ದಾರಿಗೆ ಇಳಿಯಬೇಡಿ. ಡೆತ್ ವ್ಯಾಲಿಯಲ್ಲಿ ಬಿಸಿಲಿಗಿಂತ ಹೆಚ್ಚು ಜನ ಸಾಯುವುದು ಒಂಟಿ ಕಾರಿನ ಅಪಘಾತದಲ್ಲಿ: ಖಾಲಿ ರಸ್ತೆ, ಅತಿ ವೇಗ, ಒಂದು ತಿರುವು. ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆದು ಹೊರಡಬೇಡಿ. ಮೈಲಿಗಟ್ಟಲೆ ದೂರದ ಬಯಲಿನಲ್ಲಿ ಮನುಷ್ಯನಿಗಿಂತ ಕಾರು ಬೇಗ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಕಾಣುವಷ್ಟು ಹತ್ತಿರ ಡಬ್ಬಿ ಇದ್ದರೆ ಒಬ್ಬರು ಮಾತ್ರ, ನೀರು ಹಿಡಿದು, ತಲೆಗೆ ಬಟ್ಟೆ ಹಾಕಿ, ರಸ್ತೆಯಿಂದ ಆದಷ್ಟೂ ಹೊರಬದಿಯಲ್ಲಿ ನಡೆಯಿರಿ. ಫ್ರೀವೇಗಳಲ್ಲಿ ಸಾಮಾನ್ಯವಾಗಿ ಎರಡೂ ಬದಿ ಡಬ್ಬಿ ಇಟ್ಟಿರುತ್ತಾರೆ. ಆಚೆ ಬದಿಯದು ಹತ್ತಿರವೆಂದು ರಸ್ತೆ ದಾಟುವ ಸಾಹಸ ಬೇಡವೇ ಬೇಡ.

ಡಬ್ಬಿ ಇಲ್ಲದ ಕಡೆ ಜಾಗ ಹೇಳುವುದು ಹೇಗೆ? ರಸ್ತೆ ಬದಿಯಲ್ಲಿ ನೆಟ್ಟ ಬಿಳಿಯ ಪಟ್ಟಿಗಳಿರುತ್ತವೆ, ಪೋಸ್ಟ್‌ಮೈಲ್ ಎನ್ನುತ್ತಾರೆ. ಹೆದ್ದಾರಿಯ ಸಂಖ್ಯೆ, ಕೌಂಟಿಯ ಅಕ್ಷರ, ಮೈಲಿ. ಕೌಂಟಿ ಗಡಿಯಲ್ಲಿ ಆ ಮೈಲಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಆದ್ದರಿಂದ ಮೂರನ್ನೂ ಒಟ್ಟಿಗೆ ಹೇಳಬೇಕು. ಬೇಕರ್‌ನಲ್ಲಿ ಕಾಲು ಚಾಚಲು ಇಳಿದಾಗ ಅಪ್ಪ-ಅಮ್ಮನಿಗೆ ಒಂದು ಪಟ್ಟಿ, ಒಂದು ಡಬ್ಬಿ ತೋರಿಸಿ. ಹಿರಿಯರು ಅಂಥ ವಿವರಗಳನ್ನು ನಮಗಿಂತ ಚೆನ್ನಾಗಿ ನೆನಪಿಡುತ್ತಾರೆ. ಬಸ್ಸಿನ ಹಾದಿಯುದ್ದಕ್ಕೂ ಮೈಲಿಗಲ್ಲು ಎಣಿಸಿಕೊಂಡು ಬೆಳೆದವರು ಅವರು. ಮತ್ತೊಂದು, ಈ ಒಂದು ಡಾಲರಿನ ಏರ್ಪಾಡು ಕ್ಯಾಲಿಫೋರ್ನಿಯಾದ್ದು. ನೆವಾಡಾ, ಅರಿಝೋನಾ ಗಡಿ ದಾಟಿದ ಮೇಲೆ ಇದೇ ಡಬ್ಬಿಯನ್ನು ನೆಚ್ಚಿಕೊಳ್ಳಬೇಡಿ.

ಈಗ ಕೇಳಿಕೆಯ ಮಾತು. ಸ್ಯಾನ್ ಬರ್ನಾರ್ಡಿನೋದ ಡಬ್ಬಿಗಳನ್ನು ನೋಡಿಕೊಳ್ಳುವುದು ಅಲ್ಲಿನ ಕೌಂಟಿ ಸಾರಿಗೆ ಪ್ರಾಧಿಕಾರ. ಅದರ ಮಂಡಳಿಯ ಸಭೆಗಳು ಬಹಿರಂಗವಾಗಿ ನಡೆಯುತ್ತವೆ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಅವಕಾಶ ಕೊಡಲೇಬೇಕು. ಆ ಕೌಂಟಿಯ ನಿವಾಸಿಯಾಗಿರಬೇಕಿಲ್ಲ, ಮತದಾರನಾಗಿರಬೇಕಿಲ್ಲ. ನಾವು ಪರದೇಶದವರು, ನಮ್ಮ ಮಾತು ಯಾರು ಕೇಳುತ್ತಾರೆ ಎಂಬ ಸಂಕೋಚ ನಮ್ಮವರಲ್ಲಿ ಬೇರೂರಿದೆ. ಆ ಸಂಕೋಚ ಕ್ಯಾಸಿನೋದಲ್ಲಿ, ಔಟ್‌ಲೆಟ್ ಮಾಲಿನಲ್ಲಿ ದುಡ್ಡು ಸುರಿಯುವಾಗ ಎಲ್ಲಿ ಹೋಗಿರುತ್ತದೋ! ವಾರಾಂತ್ಯಗಳಲ್ಲಿ ಆ ರಸ್ತೆಯನ್ನು ತುಂಬುವವರಲ್ಲಿ ನಾವೂ ಇದ್ದೇವೆ. ನಮ್ಮ ಕನ್ನಡ ಕೂಟಗಳು ದೀಪಾವಳಿ, ರಾಜ್ಯೋತ್ಸವದ ವೇದಿಕೆಗೆ ಇಲ್ಲಿನ ಜನಪ್ರತಿನಿಧಿಗಳನ್ನು ಕರೆಸಿ ಶಾಲು ಹೊದಿಸುವುದುಂಟು. ಶಾಲಿನ ಜೊತೆಗೆ ಒಂದು ಮನವಿ ಪತ್ರವನ್ನೂ ಕೈಗಿಡಬಹುದು.

ಮನವಿಯಲ್ಲಿ ಬರೆಯಬೇಕಾದದ್ದು ಹೆಚ್ಚೇನಿಲ್ಲ. ಕರೆಗಳ ಸಂಖ್ಯೆಯೊಂದನ್ನೇ ನೋಡಿ ಮರುಭೂಮಿಯ ಡಬ್ಬಿಗಳನ್ನು ಕೀಳಬೇಡಿ; ಸಿಗ್ನಲ್ ಇಲ್ಲದ ಹೆದ್ದಾರಿಗಳಿಗೆ, ಮುಖ್ಯವಾಗಿ 127, ಡೆತ್ ವ್ಯಾಲಿಯನ್ನು ಹಾಯುವ 190 ಮತ್ತು 62ಕ್ಕೆ, ಉಪಗ್ರಹ ಸಂಪರ್ಕದ ಡಬ್ಬಿ ಹಾಕಿಸಿ; ಬೇರೆ ಕೌಂಟಿಯವರು ಕಟ್ಟುವ ಡಾಲರಿನಲ್ಲಿ ಒಂದು ಪಾಲು ಮರುಭೂಮಿಯ ಕೌಂಟಿಗಳಿಗೆ ಹೋಗುವಂತೆ 1985ರ ಕಾಯ್ದೆಗೆ ತಿದ್ದುಪಡಿ ತನ್ನಿ. ತಿದ್ದುಪಡಿ ಮಾಡಬೇಕಾದವರು ಸ್ಯಾಕ್ರಮೆಂಟೋದಲ್ಲಿ ಕೂರುವ 80 ಅಸೆಂಬ್ಲಿ ಸದಸ್ಯರು, 40 ಸೆನೆಟರುಗಳು. ನಿಮ್ಮ ಮನೆಯ ವಿಳಾಸಕ್ಕೆ ಅವರಲ್ಲಿ ಒಬ್ಬೊಬ್ಬರು ಇದ್ದೇ ಇದ್ದಾರೆ. ಈ ಬೇಸಿಗೆಯಲ್ಲಿ ಹೋಗಿಬನ್ನಿ. ಫೋನು ಸತ್ತ, ಡಬ್ಬಿ ಕಾಣದ ಜಾಗಗಳಲ್ಲಿ ಪೋಸ್ಟ್‌ಮೈಲ್ ಸಂಖ್ಯೆಯನ್ನು ಪಕ್ಕದ ಸೀಟಿನವರಿಂದ ಬರೆಸಿಕೊಳ್ಳಿ. ಮನೆ ಸೇರಿದ ವಾರದೊಳಗೆ ಆ ಪಟ್ಟಿಯೊಂದಿಗೆ ನಿಮ್ಮ ಆ ಪ್ರತಿನಿಧಿಗಳಿಗೊಂದು ಪತ್ರ ಹಾಕಿ.

ಇತಿ,
ಅದೇ ದಾರಿಯಲ್ಲಿ ಓಡಾಡುವ ಒಬ್ಬ ಕನ್ನಡಿಗ